ಕ್ರ್ಯಾಂಕ್ ಸೆನ್ಸರ್: ಹಲ್ಲೆಣಿಸುವ ಲೆಕ್ಕ, ತಪ್ಪಿದಾಗಿನ ಪತ್ತೆ

ಪೆಟ್ರೋಲ್ ಎಂಜಿನ್ನಿನಲ್ಲಿ ಪಿಸ್ಟನ್ ಮೇಲ್ತುದಿ ಮುಟ್ಟುವ ತುಸು ಮೊದಲೇ ಕಿಡಿ ಹಾರಬೇಕು. ಆ ಗಳಿಗೆಯನ್ನು ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಅಂದರೆ ಇಸಿಯು, ಲೆಕ್ಕ ಹಾಕುವುದು ಕ್ರ್ಯಾಂಕ್ ಸೆನ್ಸರ್ ಕೊಡುವ ಸಂಕೇತದಿಂದ. ಕ್ರ್ಯಾಂಕ್‌ಶಾಫ್ಟಿನ ಜೊತೆ ಹಲ್ಲಿನ ಚಕ್ರವೊಂದು ತಿರುಗುತ್ತಿರುತ್ತದೆ. ಅನೇಕ ಕಾರುಗಳಲ್ಲಿ ಅದರ ಅಂಚಿನಲ್ಲಿ 60 ಹಲ್ಲುಗಳಿಗೆ ಜಾಗವಿದ್ದರೂ ಇರುವುದು 58 ಮಾತ್ರ. ಒಂದೊಂದು ಹಲ್ಲಿಗೆ 6 ಡಿಗ್ರಿ. ಬೇಕೆಂದೇ ಬಿಟ್ಟ ಎರಡು ಹಲ್ಲುಗಳ ತೆರಪು ಜಪಮಾಲೆಯ ಮೇರುಮಣಿಯಂತೆ ಎಣಿಕೆಯ ಮೊದಲನ್ನು ಗುರುತಿಸುತ್ತದೆ. ನಿಮಿಷಕ್ಕೆ 3,000 ಸುತ್ತಿನ ವೇಗದಲ್ಲಿ ಹಲ್ಲಿನಿಂದ ಹಲ್ಲಿಗೆ ಹಿಡಿಯುವ ಹೊತ್ತು ಸೆಕೆಂಡಿನ 3,000ದಲ್ಲೊಂದು ಭಾಗ.

ನಾಲ್ಕು ಸ್ಟ್ರೋಕ್ ಮುಗಿಯುವಷ್ಟರಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗುತ್ತದೆ. ಹಾಗಾಗಿ ಪಿಸ್ಟನ್ ಮೇಲೇರಿದ್ದು ಮಿಶ್ರಣವನ್ನು ಒತ್ತಲಿಕ್ಕೋ ಹೊಗೆಯನ್ನು ಹೊರದೂಡಲಿಕ್ಕೋ ಎಂಬುದು ಈ ಎಣಿಕೆಯೊಂದರಿಂದ ತಿಳಿಯದು. ಅದನ್ನು ತಿಳಿಸುವುದು ಅರ್ಧ ವೇಗದಲ್ಲಿ ತಿರುಗುವ ಕ್ಯಾಮ್‌ಶಾಫ್ಟಿನ ಸೆನ್ಸರ್.

ಸೆನ್ಸರ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದರಲ್ಲಿ ಆಯಸ್ಕಾಂತ, ಅದರ ಸುತ್ತ ತಂತಿಯ ಸುರುಳಿ. ಹಲ್ಲು ಎದುರು ಹಾದಾಗ ಕಾಂತಕ್ಷೇತ್ರ ಏರಿಳಿದು ಸುರುಳಿಯಲ್ಲಿ ವೋಲ್ಟೇಜ್ ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡ ತತ್ತ್ವವಿದು. ಹೊರಗಿನ ವಿದ್ಯುತ್ ಬೇಡ, ಆದರೆ ಎಂಜಿನ್ ನಿಧಾನವಾದಷ್ಟೂ ಸಂಕೇತ ಕ್ಷೀಣ. ಎರಡನೆಯದು 1879ರಲ್ಲಿ ಅಮೆರಿಕದ ಎಡ್ವಿನ್ ಹಾಲ್ ಪತ್ತೆಹಚ್ಚಿದ ಪರಿಣಾಮವನ್ನು ನೆಚ್ಚಿದೆ: ವಿದ್ಯುತ್ ಹರಿಯುವ ಪಟ್ಟಿಗೆ ಕಾಂತಕ್ಷೇತ್ರ ಅಡ್ಡಬಂದರೆ ಅದರ ಪಕ್ಕದ ಅಂಚುಗಳ ನಡುವೆ ವೋಲ್ಟೇಜ್ ಕಾಣಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಮೂರು ವೈರಿನ ಈ ಸೆನ್ಸರ್‌ಗೆ ವಿದ್ಯುತ್ ಪೂರೈಕೆ ಬೇಕು. ನಿಧಾನಗತಿಯಲ್ಲೂ ಸಂಕೇತ ಸ್ಪಷ್ಟ.

ಸ್ಟಾರ್ಟರ್ ತಿರುಗಿದರೂ ಎಂಜಿನ್ ಹೊತ್ತಿಕೊಳ್ಳದೆ, ಆರ್‌ಪಿಎಂ ಮುಳ್ಳು ಸೊನ್ನೆಯಲ್ಲೇ ಇದ್ದರೆ ಕ್ರ್ಯಾಂಕ್ ಸಂಕೇತದ ಮೇಲೆ ಅನುಮಾನ ಸಹಜ. ಕಾದಾಗ ನಿಂತು, ತಣಿದ ಮೇಲೆ ಮತ್ತೆ ಸ್ಟಾರ್ಟ್ ಆಗುವುದು ಇನ್ನೊಂದು ಲಕ್ಷಣ: ಸುರುಳಿಯ ಸಣ್ಣ ಬಿರುಕು ಶಾಖಕ್ಕೆ ಬಾಯಿಬಿಡುತ್ತದೆ.

ಸ್ಕ್ಯಾನರ್ ತೋರಿಸುವ ಪಿ0335 ಕೋಡ್ ದೂರುವುದು ಇಡೀ ಸರ್ಕ್ಯೂಟನ್ನು. ತಪ್ಪು ಸೆನ್ಸರಿನದೇ ಇರಬೇಕೆಂದಿಲ್ಲ, ಇಲಿ ಕಡಿದ ವೈರು, ಕಿಲುಬು ಹಿಡಿದ ಕನೆಕ್ಟರ್‌ ಕೂಡ ಕಾರಣವಾಗಬಹುದು. ಕ್ರ್ಯಾಂಕ್, ಕ್ಯಾಮ್ ಎರಡರ ಹೊಂದಾಣಿಕೆ ತಪ್ಪಿದೆ ಎನ್ನುವ ಪಿ0016 ಬಂದಾಗ ಹಿಗ್ಗಿದ ಟೈಮಿಂಗ್ ಚೈನ್ ಅಥವಾ ಹಲ್ಲು ಜಾರಿದ ಬೆಲ್ಟನ್ನೂ ನೋಡಬೇಕು.

ಸುರುಳಿಯ ಸೆನ್ಸರ್ ಆದರೆ ಮಲ್ಟಿಮೀಟರಿನಲ್ಲಿ ರೋಧ ಅಳೆದು ತಯಾರಕರ ಅಂಕಿಗೆ ಹೋಲಿಸಬಹುದು. ಹಾಲ್ ಸೆನ್ಸರಿಗೆ ಈ ಪರೀಕ್ಷೆ ಸಲ್ಲದು. ಮೊದಲು ಪೂರೈಕೆ ವೋಲ್ಟೇಜ್, ಆಮೇಲೆ ಅರ್ತ್, ಕೊನೆಗೆ ಸಂಕೇತ ನೋಡಬೇಕು. ಸೆನ್ಸರ್ ತುದಿಗೆ ಅಂಟಿದ ಕಬ್ಬಿಣದ ಪುಡಿ, ಮುರಿದ ಹಲ್ಲು, ಹೆಚ್ಚಿದ ಅಂತರ ಕೂಡ ಎಣಿಕೆ ಕೆಡಿಸುತ್ತವೆ. ಆಸಿಲೋಸ್ಕೋಪಿನ ಅಲೆಯಲ್ಲಿ ಇವು ಎದ್ದು ಕಾಣುತ್ತವೆ. ಇವೆಲ್ಲ ಸರಿಯಿದ್ದೂ ಸಂಕೇತ ಬಾರದಿದ್ದರೆ ಸೆನ್ಸರ್ ಬದಲಿಸಬೇಕು. ಕೆಲವು ವಾಹನಗಳಲ್ಲಿ ಆಮೇಲೆ ಸ್ಕ್ಯಾನರ್ ಮೂಲಕ ಹೊಸ ಸೆನ್ಸರನ್ನು ಇಸಿಯುಗೆ ಪರಿಚಯಿಸಬೇಕಾಗುತ್ತದೆ.