ಹಳೇ ಬೈಕಿನ ಕಾರ್ಬೊರೇಟರಿಗೆ ಬೆಂಗಳೂರೇ ಬೇರೆ, ಮಂಗಳೂರೇ ಬೇರೆ

ಒಂದು ಲೀಟರ್ ಪೆಟ್ರೋಲ್ ಪೂರ್ತಿ ಉರಿಯಬೇಕಾದರೆ ಸುಮಾರು ಒಂಬತ್ತು ಸಾವಿರ ಲೀಟರ್ ಗಾಳಿ ಬೇಕು. ತೂಕದ ಲೆಕ್ಕದಲ್ಲಿ ಒಂದು ಗ್ರಾಂ ಪೆಟ್ರೋಲಿಗೆ 14.7 ಗ್ರಾಂ ಗಾಳಿ. ಈಗಿನ ಬೈಕುಗಳಲ್ಲಿ ಈ ಲೆಕ್ಕವನ್ನು ಸೆನ್ಸರುಗಳು ನೋಡಿಕೊಳ್ಳುತ್ತವೆ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲೆ ನಮ್ಮ ದೇಶದ ಹೊಸ ಬೈಕುಗಳಿಂದ ಕಾರ್ಬೊರೇಟರ್ ಬಹುಮಟ್ಟಿಗೆ ಮರೆಯಾಯಿತು. ಆದರೆ ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿಯನ್ನೂ, ಎಸ್ಕಾರ್ಟ್ಸ್ ಕಂಪನಿ ಯಮಹಾ ಜೊತೆಗೂಡಿ 1983ರಲ್ಲಿ ತಂದ ರಾಜದೂತ್ 350ಯನ್ನೂ ಇಂದಿಗೂ ಜತನದಿಂದ ಓಡಿಸುವವರಿದ್ದಾರೆ. ಅವರ ಬೈಕಿನಲ್ಲಿ ಆ ಲೆಕ್ಕ ನಡೆಯುವುದು ಹಿತ್ತಾಳೆಯ ಕೆಲವು ಜೆಟ್‌ಗಳು, ಒಂದು ಸೂಜಿ, ಒಂದು ಫ್ಲೋಟ್, ಇಷ್ಟರಲ್ಲೇ.

ಇದರ ಹಿಂದಿರುವ ತತ್ವ ಮೋಟಾರು ವಾಹನಕ್ಕಿಂತ ಬಹಳ ಹಳೆಯದು. ದ್ರವ ವೇಗವಾಗಿ ಹರಿಯುವ ಕಡೆ ಒತ್ತಡ ಇಳಿಯುತ್ತದೆ ಎಂದು ಡೇನಿಯಲ್ ಬರ್ನೌಲಿ 1738ರಲ್ಲಿ ಬರೆದ. ಗಾಳಿಗೂ ಈ ಮಾತು ಸಲ್ಲುತ್ತದೆ. ಕಾರ್ಬೊರೇಟರಿನ ಕಿರಿದಾದ ಕಂಠದಲ್ಲಿ ಗಾಳಿ ರಭಸದಿಂದ ನುಗ್ಗುವಾಗ ಅಲ್ಲಿ ಒತ್ತಡ ಕುಸಿಯುತ್ತದೆ. ಕೆಳಗಿನ ಬಟ್ಟಲಿನಲ್ಲಿರುವ ಪೆಟ್ರೋಲಿನ ಮೇಲೆ ಹೊರಗಿನ ಒತ್ತಡ ಹಾಗೆಯೇ ಇರುತ್ತದೆ. ಆ ವ್ಯತ್ಯಾಸವೇ ಪೆಟ್ರೋಲನ್ನು ಜೆಟ್ ಮೂಲಕ ಮೇಲಕ್ಕೆ ತಳ್ಳಿ ಗಾಳಿಯೊಳಗೆ ಸಿಂಪಡಿಸುತ್ತದೆ.

ಆಕ್ಸಿಲರೇಟರ್ ಎಷ್ಟು ತಿರುಗಿದೆ ಎನ್ನುವುದರ ಮೇಲೆ ಯಾವ ಭಾಗದ ಕೈ ಮೇಲಾಗುತ್ತದೆ ಎನ್ನುವುದು ನಿಂತಿದೆ. ಐಡ್ಲಿಂಗ್‌ನಲ್ಲಿ ಪೈಲಟ್ ಜೆಟ್ ಮತ್ತು ಏರ್ ಸ್ಕ್ರೂ. ಕಾಲು ಭಾಗದಿಂದ ಮುಕ್ಕಾಲು ಭಾಗದವರೆಗೆ ಸೂಜಿ. ಅಲ್ಲಿಂದಾಚೆ ಮೇನ್ ಜೆಟ್. ಹಾಗಾಗಿ ‘ಪಿಕಪ್ ಇಲ್ಲ’ ಎಂದು ದೂರುವ ಮೊದಲು ಯಾವ ಹಂತದಲ್ಲಿ ಇಲ್ಲ ಎಂದು ಗಮನಿಸಬೇಕು. ಅರ್ಧ ಆಕ್ಸಿಲರೇಟರಿನಲ್ಲಿ ಎಳೆಯದ ಗಾಡಿಗೆ ಮೇನ್ ಜೆಟ್ ಬದಲಿಸಿ ಪ್ರಯೋಜನವಿಲ್ಲ. ಜೆಟ್ ಕಟ್ಟಿಕೊಂಡಿದೆಯೆಂದು ತಂತಿ ಹಾಕಿ ತಿವಿಯುವುದಂತೂ ಬೇಡವೇ ಬೇಡ. ಒಂದು ಮಿಲಿಮೀಟರಿನ ತೂತು 1.1 ಮಿಲಿಮೀಟರ್ ಆದರೂ ಅದರ ವಿಸ್ತೀರ್ಣ ಶೇ. 21ರಷ್ಟು ಹೆಚ್ಚುತ್ತದೆ. ಸ್ಪ್ರೇ ಹೊಡೆದು, ಗಾಳಿ ಊದಿ ಸ್ವಚ್ಛ ಮಾಡಿದರೆ ಸಾಕು.

ರಾಜದೂತ್ 350ಯಲ್ಲಿ ಸಿಲಿಂಡರಿಗೊಂದರಂತೆ ಎರಡು ಕಾರ್ಬೊರೇಟರ್. ಟ್ಯೂನಿಂಗ್‌ನ ನಿಜವಾದ ಸೊಗಸು ಇರುವುದು ಇಲ್ಲೇ. ಹ್ಯಾಂಡಲಿನಿಂದ ಬರುವ ಒಂದೇ ಕೇಬಲ್ ದಾರಿಯಲ್ಲಿ ಕವಲೊಡೆದು, ಗಾಳಿಯ ದಾರಿ ತೆರೆಯುವ ಎರಡೂ ಕಡೆಯ ಸ್ಲೈಡುಗಳನ್ನು ಎತ್ತುತ್ತದೆ. ಒಂದು ಸ್ಲೈಡ್ ಒಂದು ಮಿಲಿಮೀಟರ್ ಎದ್ದಾಗ ಇನ್ನೊಂದು ಒಂದೂವರೆ ಎದ್ದಿದ್ದರೆ, ಆ ಕಡೆಯ ಸಿಲಿಂಡರಿಗೆ ಗಾಳಿಯ ದಾರಿ ಒಂದೂವರೆ ಪಟ್ಟಿಗೂ ಹೆಚ್ಚು ತೆರೆದಂತಾಯಿತು. ಪೂರ್ತಿ ತೆರೆದಾಗ ಅದೇ ಅರ್ಧ ಮಿಲಿಮೀಟರ್ ಲೆಕ್ಕಕ್ಕೇ ಇಲ್ಲ. ಹೈವೇಯಲ್ಲಿ ಬಾಣದಂತೆ ಓಡುವ ಗಾಡಿ ಸಿಗ್ನಲ್ಲಿನಲ್ಲಿ ಕುಂಟುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಇದನ್ನು ಸರಿಮಾಡಲು ದುಬಾರಿ ಉಪಕರಣ ಬೇಕಿಲ್ಲ. ಇಂಜಿನ್ ಆಫ್ ಮಾಡಿ, ಏರ್ ಫಿಲ್ಟರಿನ ರಬ್ಬರ್ ಕಳಚಿ, ಎರಡೂ ಕಾರ್ಬೊರೇಟರಿನ ಬಾಯಿಗೆ ಒಂದೊಂದು ಬೆರಳು ಇಟ್ಟು ಸ್ಲೈಡುಗಳನ್ನು ಮುಟ್ಟಿ ಹಿಡಿಯಿರಿ. ಜೊತೆಗಿರುವವರು ಆಕ್ಸಿಲರೇಟರನ್ನು ನಿಧಾನವಾಗಿ ತಿರುಗಿಸಲಿ. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಬೆರಳು ಗುರುತಿಸುತ್ತದೆ. ತಡವಾಗಿ ಏಳುವ ಕಡೆ, ಮೇಲಿನ ಅಡ್ಜಸ್ಟರಿನ ಲಾಕ್ ನಟ್ ಸಡಿಲಿಸಿ ಕೇಬಲಿನ ಸಡಿಲ ತೆಗೆಯಬೇಕು. ಎರಡೂ ಒಟ್ಟಿಗೆ ಎದ್ದ ಮೇಲೆ ರಬ್ಬರ್ ಕೂರಿಸಿ ಸ್ಟಾರ್ಟ್ ಮಾಡಿ, ಇಂಜಿನ್ ಬಿಸಿಯಾದ ನಂತರ ಒಂದೊಂದು ಏರ್ ಸ್ಕ್ರೂವನ್ನೂ ಒಳಗೆ ಹೊರಗೆ ನಿಧಾನವಾಗಿ ತಿರುಗಿಸುತ್ತ ಸದ್ದು ಕೇಳಿ. ಇಂಜಿನ್ ಅತಿ ಚುರುಕಾಗಿ, ತಪ್ಪದೆ ಓಡುವ ಜಾಗದಲ್ಲಿ ಸ್ಕ್ರೂ ನಿಲ್ಲಿಸಿ, ಆಮೇಲೆ ಐಡ್ಲಿಂಗ್ ಇಳಿಸಿ. ಎರಡೂ ಸೈಲೆನ್ಸರಿನ ಹಿಂದೆ ಅಂಗೈ ಹಿಡಿದರೆ ಹೊಗೆಯ ಬಡಿತ ಒಂದೇ ಸಮ ಇರಬೇಕು.

ಇಷ್ಟಾದರೂ ಒಂದು ವಿಷಯ ಬಾಕಿ ಉಳಿಯುತ್ತದೆ, ನನಗೆ ಅತಿ ಮುಖ್ಯವೆನಿಸುವುದೂ ಅದೇ. ಕಾರ್ಬೊರೇಟರಿಗೆ ಗಾಳಿಯ ತೂಕ ತೂಗಲು ಬಾರದು. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಸಾಂದ್ರತೆ ಮಂಗಳೂರಿನದಕ್ಕಿಂತ ಶೇ. 8-9ರಷ್ಟು ಕಡಿಮೆ. ಗಾಳಿ ತೆಳುವಾದಷ್ಟೇ ಪ್ರಮಾಣದಲ್ಲಿ ಪೆಟ್ರೋಲ್ ಕಡಿಮೆಯಾಗುವುದಿಲ್ಲವಾದ್ದರಿಂದ ಮಿಶ್ರಣ ಶೇ. 4-5ರಷ್ಟು ರಿಚ್ (ಪೆಟ್ರೋಲ್ ಹೆಚ್ಚು) ಆಗುತ್ತದೆ. ಮುಳ್ಳಯ್ಯನಗಿರಿಯ ನೆತ್ತಿ 1,900 ಮೀಟರಿಗೂ ಎತ್ತರ. ಅಲ್ಲಿ ಈ ಹೆಚ್ಚಳ ಶೇ. 10ರ ಹತ್ತಿರಕ್ಕೆ ಹೋಗುತ್ತದೆ. ಬೆಟ್ಟ ಹತ್ತುವಾಗ ಹಳೇ ಗಾಡಿ ತಿಣುಕುತ್ತ, ಪ್ಲಗ್ ಕಪ್ಪು ಮಾಡಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಈಗ ಇದಕ್ಕೆ ವಿರುದ್ಧ ದಿಕ್ಕಿನ ಎಳೆತವೊಂದು ಸೇರಿಕೊಂಡಿದೆ. ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇದೆ. ಎಥನಾಲಿನೊಳಗೇ ಆಮ್ಲಜನಕ ಇರುವುದರಿಂದ ಅದರ ಒಂದು ಗ್ರಾಂ ಉರಿಯಲು ಒಂಬತ್ತು ಗ್ರಾಂ ಗಾಳಿ ಸಾಕು. ಬೆರೆಸಿದ ಇಂಧನಕ್ಕೆ ಈ ಪ್ರಮಾಣ 14.7ರಿಂದ ಸುಮಾರು 13.5ಕ್ಕೆ ಇಳಿಯುತ್ತದೆ. ಅಂದರೆ ಹಳೇ ಜೆಟ್ಟನ್ನೇ ಇಟ್ಟುಕೊಂಡರೆ ಮಿಶ್ರಣ ಶೇ. 8ರಷ್ಟು ಲೀನ್ (ಪೆಟ್ರೋಲ್ ಕಡಿಮೆ). ಬೆಂಗಳೂರಿನಲ್ಲಿ ಎತ್ತರದಿಂದ ಬಂದ ಹೆಚ್ಚಳ ಈ ಕೊರತೆಯ ಅರ್ಧದಷ್ಟನ್ನಾದರೂ ತುಂಬುತ್ತದೆ. ಕರಾವಳಿಯಲ್ಲಿ ಆ ಆಸರೆಯೂ ಇಲ್ಲ. ಈ ಬೈಕುಗಳ ಟೂ-ಸ್ಟ್ರೋಕ್ ಇಂಜಿನ್ ಲೀನ್ ಆದರೆ ಪಿಸ್ಟನ್ ವಿಪರೀತ ಕಾಯುತ್ತದೆ. ಹೆಚ್ಚಿನ ಯೆಜ್ಡಿಗಳಲ್ಲಿ ಆಯಿಲ್ ಬರುವುದೂ ಪೆಟ್ರೋಲಿನ ಜೊತೆಯಲ್ಲೇ. ಜೆಟ್ ಚಿಕ್ಕದಾಗಿ ಪೆಟ್ರೋಲ್ ಕಡಿಮೆ ಬಂದರೆ ಆಯಿಲೂ ಕಡಿಮೆ ಬಂತು. ಇಂಜಿನ್ ಸೀಜ್ ಆಗಲು ಇನ್ನೇನು ಬೇಕು?

ಆದ್ದರಿಂದ ಹಳೇ ಕೈಪಿಡಿಯಲ್ಲಿರುವ ಜೆಟ್ ನಂಬರನ್ನು ಆರಂಭದ ಹಂತವೆಂದಷ್ಟೇ ತಿಳಿಯಿರಿ. ತೀರ್ಪು ಕೊಡಬೇಕಾದದ್ದು ಪ್ಲಗ್. ಖಾಲಿ ರಸ್ತೆಯಲ್ಲಿ ಗಾಡಿ ಬಲವಾಗಿ ಎಳೆಯುತ್ತಿರುವಾಗಲೇ ಕ್ಲಚ್ ಹಿಡಿದು ಇಂಜಿನ್ ಆಫ್ ಮಾಡಿ, ಬದಿಗೆ ನಿಲ್ಲಿಸಿ ಪ್ಲಗ್ ಬಿಚ್ಚಿ ನೋಡಿ. ತಿಳಿ ಕಂದು ಬಣ್ಣವಿದ್ದರೆ ಸರಿ. ಕಪ್ಪು ಮಸಿಯಿದ್ದರೆ ರಿಚ್, ಬೆಳ್ಳಗಿದ್ದರೆ ಲೀನ್. ಶಿರಾಡಿ ಘಾಟಿ ಇಳಿದು ಕರಾವಳಿಯಲ್ಲಿ ನಾಲ್ಕು ದಿನ ಓಡಿಸುವ ಯೋಚನೆಯಿದ್ದು ಪ್ಲಗ್ ಬೆಳ್ಳಗೆ ತಿರುಗಿದ್ದರೆ, ಸೂಜಿಯ ಕ್ಲಿಪ್ಪನ್ನು ಒಂದು ಗೆರೆ ಕೆಳಕ್ಕೆ ಹಾಕಿ. ಸೂಜಿ ಮೇಲೇರಿ ಪೆಟ್ರೋಲ್ ಹೆಚ್ಚು ಬರುತ್ತದೆ. ಎರಡು ಕಾರ್ಬೊರೇಟರ್ ಇದ್ದರೆ ಎರಡಕ್ಕೂ ಹಾಕಿ. ಟೂಲ್ ಬಾಕ್ಸಿನಲ್ಲಿ ಪ್ಲಗ್ ಸ್ಪ್ಯಾನರ್ ಇರಲಿ.