ಇಸಬು: ಕೈಯ ತುರಿಕೆ, ಮನಸ್ಸಿನ ಕೊರಗು

ಬೋರ್ಡೋ ದ್ರಾವಣ ಕಲಸಿದ ಕೈ, ಹಸಿ ಅಡಿಕೆ ಸುಲಿದು ಕರೆ ಹಿಡಿದ ಕೈ, ಪಲ್ಪರಿನ ನೀರಿನಲ್ಲಿ ನೆನೆದ ಕೈ ಒಡೆಯುವುದು ನಮ್ಮ ಬೆಳೆಗಾರ ಬಾಂಧವರಿಗೆ ಹೊಸದಲ್ಲ. ಸುಣ್ಣ, ಮೈಲುತುತ್ತ, ಸೋಪು, ಸದಾ ತೇವ, ಇವೆಲ್ಲ ಚರ್ಮದ ಮೇಲಿನ ಜಿಡ್ಡಿನ ಪೊರೆಯನ್ನು ಕೆಡಿಸುತ್ತವೆ. ಕೆಲವರಿಗೆ ಕೆಲಸ ಮುಗಿದೊಡನೆ ವಾಸಿಯಾಗುತ್ತದೆ. ಇನ್ನು ಕೆಲವರಲ್ಲಿ ಅದೇ ಇಸಬಾಗಿ ವರ್ಷಗಟ್ಟಲೆ ನಿಲ್ಲುತ್ತದೆ. ಮುಲಾಮಿನ ವಿಚಾರ ಎಲ್ಲರೂ ಮಾತನಾಡುತ್ತಾರೆ. ಈ ರೋಗ ಮನಸ್ಸಿಗೆ ಏನು ಮಾಡುತ್ತದೆಂದು ನಾವು ಕೇಳುವುದಿಲ್ಲ, ರೋಗಿಯೂ ಹೇಳುವುದಿಲ್ಲ.

ಮೊದಲ ಪೆಟ್ಟು ನಿದ್ರೆಗೆ. ಇಸಬಿನ ತುರಿಕೆ ಸಾಮಾನ್ಯವಾಗಿ ರಾತ್ರಿ ಹೆಚ್ಚು. ಆಗ ಚರ್ಮ ಬೆಚ್ಚಗಾಗಿ ತೇವವನ್ನು ಬೇಗ ಕಳೆದುಕೊಳ್ಳುತ್ತದೆ. ಉರಿಯೂತವನ್ನು ತಡೆಯುವ ಕಾರ್ಟಿಸಾಲ್ ಎಂಬ ರಸವೂ ದೇಹದಲ್ಲಿ ಕಡಿಮೆಯಾಗಿರುತ್ತದೆ. ನಿದ್ದೆಗಣ್ಣಿನಲ್ಲೇ ಕೆರೆದು ಬೆಳಗಿನ ಹೊತ್ತಿಗೆ ಹಾಸಿಗೆಯ ಮೇಲೆ ರಕ್ತದ ಕಲೆ. ಕೆರೆದಷ್ಟೂ ಚರ್ಮ ದಪ್ಪಗಾಗಿ ತುರಿಕೆ ಬಲಿಯುತ್ತದೆ. ತಿಂಗಳುಗಟ್ಟಲೆ ಹೀಗೆ ನಿದ್ದೆಗೆಟ್ಟವನು ಸಣ್ಣ ಮಾತಿಗೂ ಸಿಡುಕುತ್ತಾನೆ, ಕೂಲಿ ಲೆಕ್ಕದಲ್ಲಿ ತಪ್ಪುತ್ತಾನೆ. ಮನೆಯವರು ಅದನ್ನು ಸೋಮಾರಿತನವೆಂದು ಬಗೆಯುತ್ತಾರೆ.

ನಾಚಿಕೆಯದು ಇನ್ನೊಂದು ಬಗೆಯ ಕಾಟ. ಮದುವೆಮನೆಯ ಪಂಕ್ತಿಯಲ್ಲಿ ಬಡಿಸಲು ಕರೆದರೆ ಕೈ ಹಿಂದೆ ಸರಿಯುತ್ತದೆ. ಸುಲಿತದ ಚಪ್ಪರದಲ್ಲಿ ಪಕ್ಕದವರು ಮೆಟ್ಟುಗತ್ತಿ ದೂರ ಸರಿಸಿಕೊಂಡರೆಂದು ಮರುದಿನ ಕೆಲಸಕ್ಕೇ ಬಾರದ ಹೆಂಗಸರಿದ್ದಾರೆ. ಇಸಬು ಅಂಟುರೋಗವಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ ಹರಡದು. ಇಷ್ಟು ಸರಳ ಸಂಗತಿ ಊರಿಗೆ ತಿಳಿದಿದ್ದರೆ ಅರ್ಧ ಸಂಕಟ ತಪ್ಪುತ್ತಿತ್ತು ಎನ್ನುವುದು ನನ್ನ ಅಭಿಪ್ರಾಯ.

ದೀರ್ಘಕಾಲ ಇಸಬಿನಿಂದ ನರಳುವವರಲ್ಲಿ ಖಿನ್ನತೆ, ಆತಂಕ ಹಾಗೂ ಸಾಯುವ ಯೋಚನೆ ಉಳಿದವರಿಗಿಂತ ಹೆಚ್ಚೆಂದು ಹಲವು ದೇಶಗಳ ಅಧ್ಯಯನಗಳು ಕಂಡುಕೊಂಡಿವೆ. ಮನಸ್ಸು ಕೆಟ್ಟಾಗ ತುರಿಕೆಯೂ ಏರುತ್ತದೆ. ಹಾಗೆಂದು "ಎಲ್ಲ ನಿನ್ನ ಮನಸ್ಸಿನಿಂದಲೇ" ಎಂದು ರೋಗಿಯನ್ನು ದೂರುವುದು ಸಲ್ಲದು. ಚರ್ಮದ ರೋಗ ನಿಜವಾದದ್ದೇ.

ವೈದ್ಯರಲ್ಲಿ ಇದಕ್ಕೊಂದು ಅಳತೆಯಿದೆ. 1994ರಲ್ಲಿ ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ಫಿನ್ಲೇ ಮತ್ತು ಖಾನ್ ಎಂಬುವರು ಹತ್ತು ಪ್ರಶ್ನೆಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಕಳೆದ ವಾರ ತುರಿಕೆ ಎಷ್ಟಿತ್ತು, ನಾಚಿಕೆಯಾಯಿತೆ, ಮನೆಗೆಲಸ ಕೆಟ್ಟಿತೆ, ಗಂಡಹೆಂಡಿರ ನಡುವೆ ತೊಡಕಾಯಿತೆ ಎಂಬಂಥವು. ಒಟ್ಟು ಅಂಕ 30; 10ನ್ನು ಮೀರಿದರೆ ರೋಗ ಬದುಕನ್ನೇ ಬಹಳವಾಗಿ ಕಾಡುತ್ತಿದೆಯೆಂದು ಅರ್ಥ. ಅಂಗೈಯಷ್ಟೇ ಜಾಗದಲ್ಲಿ ಇಸಬಿದ್ದರೂ ಅಂಕ ಹೆಚ್ಚಿರಬಹುದು.

ಆದ್ದರಿಂದ ವೈದ್ಯರ ಬಳಿ ಹೋದಾಗ ಕೈ ತೋರಿಸಿ ಸುಮ್ಮನಾಗಬೇಡಿ. ರಾತ್ರಿ ಎಷ್ಟು ಸಲ ಎಚ್ಚರವಾಗುತ್ತದೆ, ಯಾವ ಕೆಲಸ ಬಿಟ್ಟಿದ್ದೀರಿ ಎಂಬುದನ್ನೂ ಹೇಳಿರಿ. ಚಿಕಿತ್ಸೆಯ ತೀರ್ಮಾನ ಅದರಿಂದ ಬದಲಾಗಬಹುದು. ಚರ್ಮ ಸುಧಾರಿಸಿ ನಿದ್ದೆ ಬಂದರೆ ಎಷ್ಟೋ ಮಂದಿಯ ಮನಸ್ಸೂ ಹಗುರಾಗುತ್ತದೆ. ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಟ್ಯೂಬನ್ನು ವರ್ಷವಿಡೀ ಹಚ್ಚುವುದು ಬೇಡ. ಸ್ನಾನವಾದ ಕೂಡಲೇ, ಮೈ ತುಸು ಹಸಿಯಿರುವಾಗಲೇ ವ್ಯಾಸಲೀನಿನಂಥ ಜಿಡ್ಡು ಹಚ್ಚಿರಿ. ಸಿಂಪಡಣೆಗೆ ಇಳಿಯುವಾಗ ರಬ್ಬರ್ ಗ್ಲೌಸಿನ ಒಳಗೆ ಹತ್ತಿಯ ಗ್ಲೌಸು ಇರಲಿ.

ಮನೆಯಲ್ಲಿ ಇಂಥವರೊಬ್ಬರು ಊಟ ಬಿಟ್ಟು ಮೂಲೆ ಸೇರಿದರೆ, "ಇದ್ದೇನು ಪ್ರಯೋಜನ" ಎಂದರೆ, ಹಗುರವಾಗಿ ತೆಗೆದುಕೊಳ್ಳಬಾರದು. ತೋಟದ ಔಷಧಿಗಳ ಕೋಣೆಗೆ ಬೀಗ ಹಾಕಿ, ಅವರನ್ನು ಒಂಟಿಯಾಗಿ ಬಿಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ-ಮಾನಸ್ ದೂರವಾಣಿ 14416. ಹಗಲು ರಾತ್ರಿಯೆನ್ನದೆ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು.