ಶ್ರದ್ಧೆಯೇ ಮೊದಲ ಮೆಟ್ಟಿಲು



ಹೊಸ ವರ್ಷ ಬಂದಿತೆಂದರೆ ಮನುಷ್ಯನ ಮನಸ್ಸು ಸಂಕಲ್ಪಗಳ ಸಂತೆಯಾಗುತ್ತದೆ. ಕೈಕಾಲು ಗಟ್ಟಿಯಿದ್ದವರ ಸಂಕಲ್ಪವೇ ವಾರ ಕಳೆಯುವುದರೊಳಗೆ ಸಡಿಲಾಗುವುದನ್ನು ಕಾಣುತ್ತೇವೆ. ಹೀಗಿರುವಲ್ಲಿ ಕಣ್ಣಿಲ್ಲದವರು, ನಡೆಯಲಾರದವರು, ಪಾರ್ಶ್ವವಾಯು ಬಡಿದು ಒಂದು ಮಗ್ಗುಲು ಸೋತವರು ಹೊಸ ವರ್ಷವನ್ನು ಯಾವ ಭರವಸೆಯಿಂದ ಎದುರುಗೊಳ್ಳಬೇಕು? "ಬುದ್ಧೀ, ನಮ್ಮಂಥವರಿಗೆ ಯುಗಾದಿಯೇನು, ದೀಪಾವಳಿಯೇನು, ಎಲ್ಲ ದಿನವೂ ಒಂದೇ" ಎಂಬ ಮಾತನ್ನು ಭಕ್ತರ ಮನೆಗಳಲ್ಲಿ ನಾವು ಕೇಳಿದ್ದೇವೆ. ಆ ಮಾತಿಗೆ ಉತ್ತರ ಹುಡುಕುವುದೇ ಇಂದಿನ ವಿಷಯ.

ಉತ್ತರಕ್ಕಾಗಿ ಬಹಳ ದೂರ ಹೋಗಬೇಕಾಗಿಲ್ಲ. ಈ ಗಾಳಿಬೀಡಿನ ಗದ್ದೆಗಳಲ್ಲಿಯೇ ಅದು ಇದೆ. ಬಯಲುಸೀಮೆಯ ನಮ್ಮ ಭಕ್ತರಿಗೆ ಚಾಂದ್ರಮಾನ ಯುಗಾದಿ ಹೊಸ ವರ್ಷವಾದರೆ, ಕೊಡಗಿನವರಿಗೆ ಸೌರಮಾನದ ಬಿಸು ಹೊಸ ವರ್ಷ. ಎಡಮ್ಯಾರ್ ತಿಂಗಳ ಆ ಮೊದಲ ದಿನ ಏಪ್ರಿಲ್ 14ರ ಸುಮಾರಿಗೆ ಬರುತ್ತದೆ. ಅಂದು ಬೆಳಗ್ಗೆ ದೇವರಿಗೆ ದೀಪ ಹಚ್ಚಿ, ಎತ್ತು ನೇಗಿಲುಗಳನ್ನು ಗದ್ದೆಗಿಳಿಸಿ, ಕೆಲವೇ ಸಾಲು ಉತ್ತು ಬಿಡುವುದು ಹಿರಿಯರು ನಡೆಸಿಕೊಂಡು ಬಂದ ಪದ್ಧತಿ. ಇಡೀ ಗದ್ದೆಯನ್ನು ಅಂದೇ ಉತ್ತು ಮುಗಿಸಬೇಕೆಂದು ಯಾರೂ ಹೇಳಲಿಲ್ಲ. ಮಳೆ ಇನ್ನೂ ಬಂದಿಲ್ಲ, ಬೀಜ ಇನ್ನೂ ಬಿದ್ದಿಲ್ಲ. ಆದರೂ ಬೆಳೆ ಬಂದೇ ಬರುತ್ತದೆಂಬ ನಂಬುಗೆ ಆ ಕೆಲವು ಸಾಲುಗಳಲ್ಲಿದೆ. ಶ್ರದ್ಧೆಯೆಂದರೆ ಇದೇ. ಫಲ ಕಣ್ಣಿಗೆ ಕಾಣುವ ಮೊದಲೇ ಇಂದಿನ ಪಾಲಿನ ಕೆಲಸವನ್ನು ಮಾಡುವುದು ಶ್ರದ್ಧೆ.

ಆದರೆ ಈ ಶ್ರದ್ಧೆ ಮೊಳೆಯದಂತೆ ತಡೆಯುವ ಒಂದು ಕಳೆಯಿದೆ. ಅಂಗವಿಕಲ ಮಗು ಹುಟ್ಟಿದ ಮನೆಯಲ್ಲಿ "ಇದು ಹಿಂದಿನ ಜನ್ಮದ ಕರ್ಮ" ಎಂದು ಪಿಸುಗುಟ್ಟುವವರು ಇಂದಿಗೂ ಇದ್ದಾರೆ. ಯೋಚಿಸಿ ನೋಡಿರಿ. ಒಂದು ಕಾಲಕ್ಕೆ ನಮ್ಮ ದೇಶದಲ್ಲಿ ಪೋಲಿಯೋ ರೋಗ ಅಸಂಖ್ಯ ಮಕ್ಕಳ ಕಾಲು ಕಸಿಯಿತು. ಊರೂರಿಗೆ ಹೋಗಿ ಮಕ್ಕಳ ಬಾಯಿಗೆ ಎರಡೆರಡು ಹನಿ ಲಸಿಕೆ ಹಾಕಿದರು. 2011ರ ಜನವರಿಯ ನಂತರ ಆ ವಿಷಾಣುವಿನ ಹೊಸ ಪ್ರಕರಣ ಕಾಣಲಿಲ್ಲ. 2014ರ ಮಾರ್ಚ್ 27ರಂದು ಭಾರತವು ಪೋಲಿಯೋಮುಕ್ತವೆಂಬ ಪ್ರಮಾಣಪತ್ರ ದೊರೆಯಿತು. ಅದು ಪೂರ್ವಜನ್ಮದ ಪಾಪವಾಗಿದ್ದರೆ ಎರಡು ಹನಿಗೆ ಅಂಜಿ ಓಡುತ್ತಿತ್ತೆ? ರೋಗಕ್ಕೆ ಕಾರಣ ರೋಗಾಣು, ಅಪಘಾತಕ್ಕೆ ಕಾರಣ ಅಪಘಾತ. ನೊಂದವನ ತಲೆಯ ಮೇಲೆ ಪಾಪದ ಹೊರೆಯನ್ನೂ ಹೊರಿಸುವುದು ಶರಣಧರ್ಮವಲ್ಲ. ಹುಟ್ಟಿನಿಂದ ಮನುಷ್ಯನನ್ನು ಅಳೆಯಬಾರದೆಂದು ಹನ್ನೆರಡನೆಯ ಶತಮಾನದಲ್ಲಿಯೇ ಬಸವಾದಿ ಪ್ರಮಥರು ಹೇಳಿ, ಹಾಗೆಯೇ ನಡೆದು ತೋರಿಸಿದರು.

ಇನ್ನು 'ಅಂಗ' ಎಂಬ ಪದವನ್ನು ವಿಚಾರಿಸೋಣ. ಲೋಕದ ಮಾತಿನಲ್ಲಿ ಅಂಗವೆಂದರೆ ಕೈ, ಕಾಲು, ಕಣ್ಣು. ನಮ್ಮ ಷಟ್‌ಸ್ಥಲ ಸಿದ್ಧಾಂತದಲ್ಲಿ ಅಂಗವೆಂದರೆ ಜೀವಾತ್ಮ, ಲಿಂಗವನ್ನು ಅರಸಿ ಹೊರಟ ಭಕ್ತ. ಲೋಕದ ಅಂಗಕ್ಕೆ ಊನ ಬಂದೀತು, ಈ ಅಂಗಕ್ಕೆ ಊನವೆಲ್ಲಿಯದು? ಕಾಲಿಲ್ಲದವನ ಅಂಗ ಮುಕ್ಕಾಗಿದೆ, ಕಣ್ಣಿಲ್ಲದವಳ ಅಂಗ ಅರ್ಧವಾಗಿದೆ ಎಂದು ಯಾವ ಶಾಸ್ತ್ರವೂ ಹೇಳುವುದಿಲ್ಲ. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸುವವರು ನಾವು. ಅಂಗೈ ಎತ್ತಲಾರದವರಿಗೆ ಮನೆಯವರ ಅಂಗೈ ಆಸರೆಯಾಗಲಿ. ಆ ಎರಡೂ ಕೈಗಳಿಗೆ ಪೂಜೆಯ ಪುಣ್ಯ ಉಂಟೆಂದು ನಾವು ನಂಬುತ್ತೇವೆ.

ಷಟ್‌ಸ್ಥಲವೆಂದರೆ ಆರು ಮೆಟ್ಟಿಲು: ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ. ಒಂದೊಂದಕ್ಕೂ ಒಂದೊಂದು ಭಕ್ತಿಯನ್ನು ಹೇಳಿದ್ದಾರೆ. ಮೊದಲಿನದು ಶ್ರದ್ಧೆ, ಎರಡನೆಯದು ನಿಷ್ಠೆ, ಮೂರನೆಯದು ಅವಧಾನ. ಆಮೇಲೆ ಅನುಭಾವ, ಆನಂದ, ಸಮರಸ. ಈ ಕ್ರಮವನ್ನು ಗಮನಿಸಿರಿ. ಮೊದಲು ಆಗುತ್ತದೆಂಬ ನಂಬಿಕೆ ಹುಟ್ಟಬೇಕು. ಅದು ದಿನದಿನದ ಪಾಲನೆಯಾಗಿ ಗಟ್ಟಿಗೊಳ್ಳಬೇಕು. ಮಾಡುವುದರಲ್ಲಿ ಎಚ್ಚರ ನಿಲ್ಲಬೇಕು. ಆನಂದ ಬರುವುದು ಐದನೆಯ ಮೆಟ್ಟಿಲಿನಲ್ಲಿ. ಮೊದಲ ದಿನವೇ ಆನಂದ ಬರಲಿಲ್ಲವೆಂದು ಕೈಬಿಡುವವರು ಲೆಕ್ಕ ತಪ್ಪಿದವರು.

ಹೀಗೆ ಮೆಟ್ಟಿಲೇರಿದವರು ಯಾರಾದರೂ ಇದ್ದಾರೆಯೆ ಎಂದು ಕೇಳುವಿರಾದರೆ, ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯಬೇಕು. ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಒಂದು ಅಂಧ ಬಾಲಕನನ್ನು ಹಾನಗಲ್ಲ ಕುಮಾರ ಮಹಾಸ್ವಾಮಿಗಳು ಕರೆದು ಸಂಗೀತದ ದಾರಿಗೆ ಹಚ್ಚಿದರು. ಆ ಬಾಲಕನೇ ಪಂಚಾಕ್ಷರಿ ಗವಾಯಿಗಳಾಗಿ, ಕರ್ನಾಟಕ, ಹಿಂದುಸ್ತಾನಿ ಎರಡೂ ಪದ್ಧತಿಗಳನ್ನು ಸಾಧಿಸಿದರು. ಅಂಧರನ್ನೂ ಅನಾಥರನ್ನೂ ಕಟ್ಟಿಕೊಂಡು ಊರಿಂದೂರಿಗೆ ನಡೆಯುವ ಸಂಚಾರಿ ಪಾಠಶಾಲೆಯನ್ನೇ ನಡೆಸಿದರು. ಅವರ ಶಿಷ್ಯರು ಪುಟ್ಟರಾಜ ಗವಾಯಿಗಳು. 1914ರಲ್ಲಿ ದೇವಗಿರಿಯಲ್ಲಿ ಹುಟ್ಟಿದ ಅವರು ಹಸುಗೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡರು. 1944ರಲ್ಲಿ ಗುರುಗಳು ಲಿಂಗೈಕ್ಯರಾದ ಮೇಲೆ ಆಶ್ರಮದ ಭಾರ ಹೊತ್ತು, 2010ರ ಸೆಪ್ಟೆಂಬರ್ 17ರಂದು ತಾವು ಲಿಂಗೈಕ್ಯರಾಗುವವರೆಗೆ ಇಳಿಸಲಿಲ್ಲ. ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲಿಯೂ ಗ್ರಂಥ ಬರೆದರು.

ಇವರನ್ನು ಪವಾಡಪುರುಷರೆಂದು ಕೈಮುಗಿದು ಸುಮ್ಮನಾಗುವುದು ಸುಲಭ. ನಾವು ನೋಡಬೇಕಾದದ್ದು ಅವರ ದಾರಿಯನ್ನು. ಸಂಗೀತ ಕಲಿಯುವವನು ಮೊದಲು ಷಡ್ಜವೊಂದನ್ನೇ ಹಿಡಿದು ನಿಲ್ಲಿಸುತ್ತಾನೆ, ಆಮೇಲೆ ಸಪ್ತಸ್ವರ, ಆಮೇಲೆ ಅಲಂಕಾರ. ರಾಗ ಬರುವುದು ಎಷ್ಟೋ ದಿನಗಳ ಮೇಲೆ. ಅಂಧರ ಬ್ರೈಲ್ ಲಿಪಿಯೂ ಹಾಗೆಯೇ. ಎಳವೆಯಲ್ಲಿಯೇ ಕುರುಡನಾದ ಲೂಯಿ ಬ್ರೈಲ್ ಎಂಬ ಫ್ರಾನ್ಸಿನ ಬಾಲಕ ಹದಿನೈದರ ವಯಸ್ಸಿನಲ್ಲಿ ರೂಪಿಸಿದ ಅದು ಬರಿಯ ಆರು ಚುಕ್ಕೆಗಳ ಆಟ. ಬೆರಳ ತುದಿಯಿಂದ ಒಂದೊಂದೇ ಅಕ್ಷರ ತಡವಿ ಗ್ರಂಥಗಳನ್ನೇ ಓದುತ್ತಾರೆ. ದೊಡ್ಡದೆಲ್ಲವೂ ಚಿಕ್ಕದರ ಮಗನೇ.

ಹಾಗಾದರೆ ಇಲ್ಲಿಯ ಅಂಗವಿಕಲ ಭಕ್ತನ ಮೊದಲ ಸಾಲು ಯಾವುದು? ಗಾಳಿಬೀಡು ಗಾಳಿ, ಮಳೆಗಳ ನೆಲೆ. ಜೂನ್ ಹಿಡಿದರೆ ಸೆಪ್ಟೆಂಬರ್‌ವರೆಗೆ ಏರುತಗ್ಗಿನ ದಾರಿ ಪಾಚಿಗಟ್ಟಿ ಜಾರುತ್ತದೆ. ಊರುಗೋಲಿನವರು ಅಂಗಳಕ್ಕಿಳಿಯುವುದೂ ಕಷ್ಟ. ಬಿಸು ಹಬ್ಬದಿಂದ ಮುಂಗಾರಿನವರೆಗೆ ಕೈಯಲ್ಲಿರುವುದು ಒಂದೂವರೆ ತಿಂಗಳು. ಅಷ್ಟರಲ್ಲಿ ಬಾಗಿಲಿನಿಂದ ಬಚ್ಚಲಿನವರೆಗೆ ಹಿಡಿದು ನಡೆಯಲು ಒಂದು ಗಳು ಕಟ್ಟಿಸಿಕೊಳ್ಳಿರಿ. ಅದು ಮೊದಲ ಸಾಲು. ದಿನಕ್ಕೆ ಹತ್ತು ಹೆಜ್ಜೆ ಸಾಧ್ಯವಾದರೆ ಹತ್ತೇ ಇರಲಿ. ಕುಳಿತಲ್ಲಿಯೇ ಮೆಣಸು ಬಿಡಿಸುವುದು, ಹೂ ಕಟ್ಟುವುದು, ಮಕ್ಕಳಿಗೆ ಪಾಠ ಹೇಳುವುದು, ಎಲ್ಲವೂ ಕಾಯಕವೇ. ಒಂದು ದಿನ ತಪ್ಪಿದರೆ ಮರುದಿನ ಅಲ್ಲಿಂದಲೇ ಹಿಡಿಯಿರಿ. ಮದ್ದು, ವೈದ್ಯರ ಮಾತು ಬಿಟ್ಟು ಹರಕೆಯೊಂದನ್ನೇ ನಂಬಬೇಡಿರಿ. ಶಿವನೊಡನೆ ವ್ಯಾಪಾರ ಮಾಡುವುದು ಶ್ರದ್ಧೆಯಾಗದು.

ಉಳಿದ ಭಕ್ತರ ಪಾಲೂ ಇದೆ. 2011ರ ಜನಗಣತಿಯಲ್ಲಿ ನಮ್ಮ ರಾಜ್ಯದಲ್ಲಿಯೇ 13 ಲಕ್ಷಕ್ಕೆ ಮೇಲ್ಪಟ್ಟು ಅಂಗವಿಕಲರು ಲೆಕ್ಕಕ್ಕೆ ಸಿಕ್ಕರು. 2016ರ ಕಾಯಿದೆ 21 ಬಗೆಯ ಅಂಗವಿಕಲತೆಯನ್ನು ಗುರುತಿಸಿದೆ. ಶೇಕಡ 40ಕ್ಕೆ ಕಡಿಮೆಯಿಲ್ಲದ ಊನವುಳ್ಳ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. ಸರಕಾರಿ ನೌಕರಿಯಲ್ಲಿ ಶೇಕಡ 4ರಷ್ಟು ಮೀಸಲಾತಿಯಿದೆ. ಇದಕ್ಕೆಲ್ಲ ವೈದ್ಯರ ಪ್ರಮಾಣಪತ್ರ ಬೇಕು. ಅದಕ್ಕಾಗಿ ಮಡಿಕೇರಿಗೆ ಕರೆದೊಯ್ಯುವವರು ಬೇಕು. ಒಂದು ದಿನದ ಕೂಲಿ ಬಿಟ್ಟು ನೆರೆಯವನನ್ನು ಜೀಪು ಹತ್ತಿಸಿಕೊಂಡು ಹೋಗಿ ಬಂದರೆ ಅದು ದಾಸೋಹ. ಮಗುವನ್ನು ನಾಚಿಕೆಯಿಂದ ಒಳಮನೆಯಲ್ಲಿಡದೆ ಶಾಲೆಗೆ ಕಳಿಸಿದರೆ ಅದು ಶಿವಪೂಜೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿಯ ಸುತ್ತಿನ ಗುಡ್ಡಗಳು ಜಾರಿ ಜನ ಮನೆ ಬಿಟ್ಟು ಓಡಬೇಕಾಯಿತು. ಅಂಥ ಹೊತ್ತಿನಲ್ಲಿ ಓಡಲಾರದವರ ಗತಿಯೇನು? ಯಾವ ಮನೆಯಲ್ಲಿ ನಡೆಯಲಾರದವರಿದ್ದಾರೆ, ಅವರನ್ನು ಯಾರು ಹೊತ್ತು ತರಬೇಕು ಎಂಬುದನ್ನು ಮಳೆಗೆ ಮುಂಚೆಯೇ ಊರವರು ಕೂಡಿ ಗೊತ್ತುಮಾಡಿಕೊಳ್ಳಬೇಕು. ಇದು ಊರಿನ ಮೊದಲ ಸಾಲಾಗಲಿ.

ಶರಣರೆ, ಬೇವುಬೆಲ್ಲ ತಿನ್ನುವಾಗ ಬೇವನ್ನು ಉಗುಳಿ ಬೆಲ್ಲವನ್ನಷ್ಟೇ ನುಂಗುವವರಿಲ್ಲ. ಕಹಿಯಿದ್ದದ್ದು ನಿಜ, ಅದರ ಜೊತೆಗೆ ಸಿಹಿಯೂ ಇದೆ. ಇಂದು ನಿಮ್ಮ ಕೈಲಾಗುವ ಒಂದು ಸಾಲನ್ನು ಉತ್ತು ಮಲಗಿರಿ. ನಾಳೆಯದನ್ನು ನಾಳೆ ಉಳುವ ಬಲವನ್ನು ಗುರುಬಸವಣ್ಣನು ನಿಮಗೆಲ್ಲರಿಗೂ ಕರುಣಿಸಲೆಂದು ಹರಸುತ್ತೇವೆ.